ದಯೆಯೋ, ಮೋಹವೋ?

ಬೆಟ್ಟದ ದಾರಿ ಕಾಡಿನ ನಡುವೆ ಹಾದುಹೋಗುತ್ತದೆ. ನಸುಕಿನಲ್ಲಿ ನಡೆದು ಬರುವ ಯಾತ್ರಿಕರ ಕಣ್ಣಿಗೆ ಕೆಲವೊಮ್ಮೆ ಪಕ್ಕದ ಹುಲ್ಲಿನಲ್ಲಿ ಒಂದು ಜಿಂಕೆ ಮರಿ ಬೀಳುವುದುಂಟು. ಮೈತುಂಬ ಬಿಳಿ ಚುಕ್ಕೆ. ಮುದುಡಿಕೊಂಡು ಮಲಗಿರುತ್ತದೆ, ಅಲ್ಲಾಡುವುದಿಲ್ಲ. ಹತ್ತಿರದಲ್ಲಿ ತಾಯಿ ಕಾಣುವುದಿಲ್ಲ. “ಅಯ್ಯೋ ಪಾಪ, ತಬ್ಬಲಿ ಕೂಸು” ಅಂತ ಯಾರಾದರೊಬ್ಬ ಹೆಂಗಸು ಸೆರಗಿನಲ್ಲಿ ಎತ್ತಿಕೊಳ್ಳಲು ಬಗ್ಗುತ್ತಾಳೆ. ಗುಂಪಿನಲ್ಲಿ ಕಾಡು ಬಲ್ಲ ಹಿರಿಯರಿದ್ದರೆ ಅಲ್ಲೇ ತಡೆಯುತ್ತಾರೆ: “ಬುಡವ್ವ, ಮುಟ್ಬೇಡ. ಅದ್ರವ್ವ ಇಲ್ಲೇ ಎಲ್ಲೋ ಮೇಯ್ತಾ ಅದೆ. ನಾವು ಅತ್ಲಾಗೆ ಹೋದ್ಮೇಲೆ ಬತ್ತದೆ.”

ಹಿರಿಯರ ಮಾತು ನಿಜ. ಜಿಂಕೆ ಎಳೆಯ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ಮೇಯಲು ಹೋಗುತ್ತದೆ. ಅಲುಗಾಡದೆ ಮಲಗಿರುವುದೇ ಮರಿಗೆ ರಕ್ಷೆ. ಹೊತ್ತಿಗೆ ಸರಿಯಾಗಿ ತಾಯಿ ಬಂದು ಹಾಲೂಡಿಸುತ್ತದೆ. ಜನ ಸುತ್ತ ನಿಂತಿರುವಷ್ಟು ಹೊತ್ತು ಅದು ಹತ್ತಿರ ಬರುವುದಿಲ್ಲ, ಅಷ್ಟೆ. ಹೀಗೆ ಎತ್ತಿಕೊಂಡು ಹೋದ ಮರಿ ನಿಜವಾಗಿ ತಬ್ಬಲಿಯಾಗುವುದು ಆ ಕ್ಷಣದಲ್ಲಿ. ತಬ್ಬಲಿ ಮಾಡಿದವರು ಬೇಟೆಗಾರರಲ್ಲ, ಕಾಪಾಡಲು ಹೋದ ಪುಣ್ಯವಂತರೇ!

ಹಾಗಾದರೆ ದಯೆ ತೋರಿಸುವುದೇ ತಪ್ಪೇ? ದಯೆ ಎಲ್ಲಿಯವರೆಗೆ, ಎಲ್ಲಿಂದ ಆಚೆಗೆ ಮೋಹ?

ಭಾಗವತದ ಐದನೆಯ ಸ್ಕಂಧದಲ್ಲಿ ಬರುವ ಭರತರಾಜನ ಕಥೆ ಇದೇ ಪ್ರಶ್ನೆಯನ್ನು ಎತ್ತುತ್ತದೆ. ಭರತ ರಾಜ್ಯವನ್ನು ಮಕ್ಕಳಿಗೆ ಹಂಚಿ, ಗಂಡಕೀ ನದಿಯ ದಡದಲ್ಲಿದ್ದ ಪುಲಹಾಶ್ರಮಕ್ಕೆ ತಪಸ್ಸಿಗೆ ಹೋದ. ಒಂದು ದಿನ ನೀರು ಕುಡಿಯಲು ಬಂದ ತುಂಬು ಗಬ್ಬದ ಹೆಣ್ಣು ಜಿಂಕೆ, ಸಿಂಹದ ಗರ್ಜನೆಗೆ ಹೆದರಿ ನದಿಗೆ ಅಡ್ಡ ಹಾರಿತು. ಹಾರಿದ ರಭಸಕ್ಕೆ ಮರಿ ನೀರಿಗೆ ಬಿತ್ತು, ತಾಯಿ ಸತ್ತಿತು. ಜಪಕ್ಕೆ ಕುಳಿತಿದ್ದ ಭರತ ಎದ್ದು ಹೋಗಿ ತೇಲುತ್ತಿದ್ದ ಮರಿಯನ್ನು ಎತ್ತಿ ತಂದ.

ಆಮೇಲಿನದು ಎಲ್ಲರಿಗೂ ಗೊತ್ತಿರುವುದೇ. ಮರಿಗೆ ಹುಲ್ಲು ತರುವುದು, ತೋಳದಿಂದ ಕಾಯುವುದು, ಹೆಗಲ ಮೇಲೆ ಹೊರುವುದು. ಪೂಜೆಯ ನಡುವೆ ಎದ್ದೆದ್ದು ಹೋಗಿ ಅದನ್ನು ನೋಡಿ ಬರುವುದು. ಮರಿ ದೊಡ್ಡದಾಯಿತು. ಒಮ್ಮೆ ತಾನಾಗಿಯೇ ಕಾಡಿನ ಕಡೆ ಹೋಗಿ ತಡವಾದಾಗ ಭರತ ಹುಚ್ಚನಂತೆ ಅತ್ತ. ಕೊನೆಗಾಲದಲ್ಲೂ ಅವನ ಕಣ್ಣು ಜಿಂಕೆಯ ಮೇಲೆಯೇ. ಮುಂದಿನ ಜನ್ಮದಲ್ಲಿ ಜಿಂಕೆಯಾಗಿ ಹುಟ್ಟಿದ.

ಈ ಕಥೆ ಕೇಳಿ, “ಅವನು ಕಣ್ಣು ಮುಚ್ಚಿ ಜಪ ಮಾಡ್ತಾ ಕೂತಿದ್ದರೆ ಮೋಕ್ಷ ಸಿಗ್ತಿತ್ತು” ಅನ್ನುವವರಿದ್ದಾರೆ. ಆದರೆ ಕಣ್ಣೆದುರೇ ಒಂದು ಕೂಸು ಮುಳುಗುತ್ತಿರುವಾಗ ಎಣಿಸಿದ ಜಪ ಬರೀ ಮಣಿಯ ಲೆಕ್ಕ. ಎತ್ತಿದ ಕೈ ತಪ್ಪು ಮಾಡಲಿಲ್ಲ. ಬಿಡಲಾರದ ಕೈ ತಪ್ಪು ಮಾಡಿತು. ಜಿಂಕೆ ತಾನಾಗಿ ಕಾಡಿನ ಕಡೆ ನಡೆದ ದಿನ ಭರತನ ಸೇವೆ ಪೂರ್ಣವಾಗಿತ್ತು. ಸಂತೋಷಪಡಬೇಕಾದ ಆ ದಿನವೇ ಅವನು ಅತ್ತ. ಅಲ್ಲಿಯವರೆಗೆ ಜಿಂಕೆಗೆ ಭರತ ಬೇಕಾಗಿದ್ದ, ಅಲ್ಲಿಂದ ಮುಂದೆ ಭರತನಿಗೆ ಜಿಂಕೆ ಬೇಕಾಯಿತು.

ಇದು ಪುರಾಣದ ಮಾತು ಮಾತ್ರವಲ್ಲ. ನಮ್ಮ ಕಾಲದಲ್ಲೇ ದೂರದ ಆಫ್ರಿಕಾದ ಕೀನ್ಯಾ ದೇಶದಲ್ಲಿ ಇಂಥದೇ ಒಂದು ಸಂಗತಿ ನಡೆದಿದೆ. ಅಲ್ಲಿ ಡ್ಯಾಫ್ನಿ ಶೆಲ್ಡ್ರಿಕ್ ಎಂಬ ಮಹಿಳೆ ತಬ್ಬಲಿ ಆನೆಮರಿಗಳನ್ನು ಸಾಕುವುದನ್ನೇ ಬಾಳಿನ ಕೆಲಸ ಮಾಡಿಕೊಂಡಿದ್ದರು. ಹಾಲು ಬಿಡದ ಆನೆಮರಿಯನ್ನು ಬದುಕಿಸುವುದು ಸುಲಭವಲ್ಲ, ಹಸುವಿನ ಹಾಲಿನ ಕೊಬ್ಬು ಅದಕ್ಕೆ ಅರಗುವುದಿಲ್ಲ. ವರ್ಷಗಟ್ಟಲೆ ಪ್ರಯತ್ನಪಟ್ಟು, ಹಸುಗೂಸಿನ ಹಾಲಿನ ಪುಡಿಗೆ ತೆಂಗಿನ ಎಣ್ಣೆಯ ಅಂಶ ಸೇರಿದರೆ ಒಗ್ಗುತ್ತದೆಂದು ಅವರು ಕಂಡುಕೊಂಡರು. 1970ರ ದಶಕದಲ್ಲಿ ಆಯಿಷಾ ಎಂಬ ಮರಿ ಹೀಗೆ ಚೇತರಿಸಿಕೊಂಡು ಅವರನ್ನೇ ತಾಯಿ ಎಂದು ನಂಬಿತು. ಮಗಳ ಮದುವೆಗೆಂದು ಅವರು ಕೆಲವು ದಿನ ಊರು ಬಿಟ್ಟು ಹೋದರು. ಮರಿ ಹಾಲು ಬಿಟ್ಟಿತು, ಕೊರಗಿ ಕೊರಗಿ ಸತ್ತಿತು.

ಭರತನ ಕಥೆಯಲ್ಲಿ ಮೋಹದ ಫಲವನ್ನು ಉಂಡವನು ಮನುಷ್ಯ. ಇಲ್ಲಿ ಉಂಡದ್ದು ಏನೂ ಅರಿಯದ ಮರಿ. ಪ್ರೀತಿ ಕಡಿಮೆಯಾಗಿ ಅದು ಸಾಯಲಿಲ್ಲ, ಪ್ರೀತಿಯೆಲ್ಲ ಒಬ್ಬರ ಮೇಲೇ ನಿಂತದ್ದರಿಂದ ಸತ್ತಿತು. ಆ ತಾಯಿ ದುಃಖಪಟ್ಟರು, ಪಾಠವನ್ನೂ ಕಲಿತರು. 1977ರಲ್ಲಿ ತೀರಿಕೊಂಡ ಪತಿಯ ನೆನಪಿಗೆ ಅವರು ಕಟ್ಟಿದ ಆಶ್ರಯದಲ್ಲಿ ಮರಿಗಳ ಜೊತೆ ರಾತ್ರಿಯೂ ಪಾಲಕರು ಮಲಗುತ್ತಾರೆ, ಆದರೆ ಸರದಿಯಂತೆ. ಯಾವ ಮರಿಯೂ ಒಬ್ಬನಿಗೇ ಅಂಟಿಕೊಳ್ಳಬಾರದು. ಬೆಳೆದ ಮೇಲೆ ಅವನ್ನು ತ್ಸಾವೋ ಕಾಡಿನ ಅಂಚಿಗೆ ಒಯ್ಯುತ್ತಾರೆ. ಹಿಂಡು ಸೇರುವ ದಿನವನ್ನು ಆನೆಯೇ ಆರಿಸಿಕೊಳ್ಳುತ್ತದೆ. ಹಾಗೆ ಹೋದ ಹೆಣ್ಣಾನೆಗಳು ಕಾಡಿನಲ್ಲಿ ಹೆತ್ತ ಮರಿಯನ್ನು ಕರೆದುಕೊಂಡು ಪಾಲಕರ ಬಳಿ ಬಂದು ಹೋಗುವುದೂ ಉಂಟು. ಕಟ್ಟಿ ಹಾಕದ ಪ್ರೀತಿಗೆ ಇದಕ್ಕಿಂತ ದೊಡ್ಡ ಪ್ರಸಾದ ಇನ್ನೇನು ಬೇಕು?

ಎಲ್ಲ ಪ್ರಾಣಿಯನ್ನೂ ಹೀಗೆ ಬಿಡಲಾದೀತೇ ಎಂದು ಕೇಳಬಹುದು. ಆಗುವುದಿಲ್ಲ. ಬೆಂಗಳೂರಿನ ಬಳಿಯ ಬನ್ನೇರುಘಟ್ಟದ ಕರಡಿಗಳೇ ಇದಕ್ಕೆ ಸಾಕ್ಷಿ. ಒಂದು ಕಾಲಕ್ಕೆ ಊರೂರಿನ ಬೀದಿಯಲ್ಲಿ ಕರಡಿ ಕುಣಿಸುತ್ತಿದ್ದುದನ್ನು ಹಿರಿಯರು ಕಂಡಿದ್ದಾರೆ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಆ ಕರಡಿಯನ್ನು ಎಳವೆಯಲ್ಲೇ ತಾಯಿಯಿಂದ ಕಿತ್ತು ತಂದಿದ್ದರು, ಎಷ್ಟೋ ಸಲ ತಾಯಿಯನ್ನು ಕೊಂದೇ. ಕಾದ ಸೂಜಿಯಿಂದ ಮೂತಿಗೆ ತೂತು ಕೊರೆದು ಹಗ್ಗ ಪೋಣಿಸಿ, ಹಲ್ಲು ಮುರಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದರೂ ಕುಣಿತ ಬಹುಕಾಲ ನಡೆದೇ ಇತ್ತು. ಕುಣಿಸುವ ಕುಟುಂಬಗಳಿಗೆ ಬೇರೆ ಕಸುಬು ತೋರಿಸಿ ಕರಡಿಗಳನ್ನು ಬಿಡಿಸಿಕೊಂಡ ಮೇಲೆ, 2009ರ ಹೊತ್ತಿಗೆ ಆ ಪದ್ಧತಿ ಬಹುಮಟ್ಟಿಗೆ ನಿಂತಿತು. ಹಲ್ಲಿಲ್ಲದ, ಕಾಡನ್ನೇ ಮರೆತ ಆ ಕರಡಿ ಕಾಡಿಗೆ ಹೋದರೆ ಬದುಕುವುದಿಲ್ಲ. ಅದಕ್ಕೆ ಮೆತ್ತಗಿನ ಆಹಾರ, ಔಷಧಿ, ಅಗೆಯಲು ಮಣ್ಣು, ಹತ್ತಲು ಮರ ಕೊಟ್ಟು ಸಾಯುವವರೆಗೆ ನೋಡಿಕೊಳ್ಳಬೇಕು.

ಇಲ್ಲಿ ಬಿಟ್ಟುಬಿಡುವುದು ವೈರಾಗ್ಯವಲ್ಲ, ಕೈ ತೊಳೆದುಕೊಳ್ಳುವುದು. ಕೈಬಿಡದಿರುವುದೇ ಧರ್ಮ. ಆದರೂ ಅದನ್ನು ಮತ್ತೆ ಕುಣಿಸುವಂತಿಲ್ಲ, ಮುದ್ದಿಸಿ ಫೋಟೋ ತೆಗೆಸಿಕೊಳ್ಳುವಂತಿಲ್ಲ. ಈ ಸೇವೆಯನ್ನು ದಾನ ಎಂದು ಕರೆಯುವುದೂ ಸರಿಯಲ್ಲ. ಹಲ್ಲು ಮುರಿದದ್ದು ಮನುಷ್ಯ, ನೋಡಿ ಕಾಸು ಹಾಕಿದ್ದೂ ಮನುಷ್ಯ. ಉರುಳಿಗೆ, ವಿದ್ಯುತ್ ಬೇಲಿಗೆ, ವೇಗದ ವಾಹನಕ್ಕೆ ತಾಯಿ ಸತ್ತು ತಬ್ಬಲಿಯಾದ ಮರಿಗಳ ಲೆಕ್ಕವೂ ಇದೇ. ದಾನ ಕೊಟ್ಟವನು ಹೆಮ್ಮೆಪಡಬಹುದು. ಸಾಲ ತೀರಿಸುವವನಿಗೆ ಯಾವ ಹೆಮ್ಮೆ?

ದಯೆಯನ್ನೂ ಮೋಹವನ್ನೂ ಬೇರೆ ಮಾಡುವುದು ಒಂದೇ ಪ್ರಶ್ನೆ: ಇದು ಯಾರಿಗೋಸ್ಕರ? ಮರಿಗೋಸ್ಕರ ಆದರೆ ಕೆಲವೊಮ್ಮೆ ಎತ್ತಬೇಕು, ಕೆಲವೊಮ್ಮೆ ಮುಟ್ಟದೆ ಹೋಗಬೇಕು, ಕೆಲವೊಮ್ಮೆ ಕೊನೆತನಕ ಹೊರಬೇಕು. ತನ್ನ ಮನಸ್ಸಿನ ತಂಪಿಗೋಸ್ಕರ ಆದರೆ ಮೂರೂ ತಪ್ಪುತ್ತದೆ.

ಆದ್ದರಿಂದ ದಾರಿಯಲ್ಲಿ ಮಲಗಿದ ಮರಿ ಕಂಡ ಯಾತ್ರಿಕರು ಸದ್ದಿಲ್ಲದೆ ದೂರ ಸರಿಯುವುದು ಒಳ್ಳೆಯದು. ಗಾಯವಾಗಿದ್ದರೆ, ತಾಯಿ ಸತ್ತುಬಿದ್ದಿದ್ದರೆ, ಅರಣ್ಯದ ಚೆಕ್‌ಪೋಸ್ಟಿಗೆ ತಿಳಿಸಬೇಕು. ಮನೆಗೆ ಒಯ್ದು ಸಾಕುವುದಕ್ಕೆ ಕಾನೂನೂ ಒಪ್ಪುವುದಿಲ್ಲ. ಬೆಟ್ಟ ಇಳಿಯುವಾಗ ವಾಹನ ನಿಧಾನವಾಗಿರಲಿ. ಮರಿಯನ್ನು ತಬ್ಬಲಿ ಮಾಡದಿರುವುದು, ತಬ್ಬಲಿಯನ್ನು ಸಾಕುವುದಕ್ಕಿಂತ ಮೊದಲಿನ ಪುಣ್ಯ.