ಗಿಳಿಯ ಗಲಾಟೆಗೆ ತಾತ್ಪರ್ಯ ಉಂಟೇ?

ಗಿಳಿ ಸಾಕಿದವರ ಮನೆಯಲ್ಲಿ ಕೇಳಿಬರುವ ದೂರು ಹೆಚ್ಚುಕಡಿಮೆ ಒಂದೇ. ಸುಮ್ಮನಿದ್ದ ಹಕ್ಕಿ ಮಿಕ್ಸಿ ತಿರುಗಿದ ಕೂಡಲೇ ಕಿರುಚಲು ಶುರುಮಾಡುತ್ತದೆ. ಕುಕ್ಕರ್ ಕೂಗಿದರೆ ತಾನೂ ಕೂಗುತ್ತದೆ. ಬಚ್ಚಲಲ್ಲಿ ನಲ್ಲಿ ಬಿಟ್ಟರೆ, ಕಾಲಿಂಗ್ ಬೆಲ್ ಆದರೆ, ಯಾರಾದರೂ ಫೋನ್ ಹಿಡಿದು ಮಾತಿಗೆ ನಿಂತರೆ ಅದರ ಗಂಟಲಿಗೆ ತಡೆಯೇ ಇರುವುದಿಲ್ಲ. ಮನೆಯವರು ಇದನ್ನು ಹಠ ಎನ್ನುತ್ತಾರೆ, ರಗಳೆ ಎನ್ನುತ್ತಾರೆ, ಪಂಜರಕ್ಕೆ ಬಟ್ಟೆ ಹೊದಿಸುತ್ತಾರೆ. ಅದೇ ಹಕ್ಕಿ ನೆಂಟರ ಮುಂದೆ ‘ರಾಮ ರಾಮ’ ಎಂದರೆ ಮಾತ್ರ ಮನೆಮಂದಿಗೆಲ್ಲ ಹೆಮ್ಮೆ. ಕಲಿಸಿದ ಎರಡಕ್ಷರ ಮಾತೆನಿಸಿಕೊಳ್ಳುತ್ತದೆ, ಕಲಿಸದ ಕೂಗು ಗಲಾಟೆಯಾಗುತ್ತದೆ. ಈ ಲೆಕ್ಕ ತಿರುಗುಮುರುಗಾಗಿದೆ. ಗಿಳಿಯ ಬಾಯಿಂದ ಹೊರಡುವುದಕ್ಕೆ ತಾತ್ಪರ್ಯ ಎಂಬುದೇನಾದರೂ ಇದ್ದರೆ ಅದನ್ನು ಮೊದಲು ಹುಡುಕಬೇಕಾದದ್ದು ಆ ಗಲಾಟೆಯಲ್ಲಿ, ಬಾಯಿಪಾಠದ ರಾಮನಾಮದಲ್ಲಲ್ಲ.

ಗಿಳಿಯ ಮಾತಿನ ಪ್ರಶ್ನೆ ನಮ್ಮ ಶಾಸ್ತ್ರಗಳಿಗೆ ಹೊಸದಲ್ಲ. ವಾಕ್ಯದಿಂದ ಅರ್ಥಜ್ಞಾನ ಆಗಬೇಕಾದರೆ ತಾತ್ಪರ್ಯದ ತಿಳಿವಳಿಕೆ ಬೇಕು, ತಾತ್ಪರ್ಯವೆಂದರೆ ಹೇಳುವವನ ಇಚ್ಛೆ ಎಂದರು ನೈಯಾಯಿಕರು. ಹಾಗಾದರೆ ಗಿಳಿ ಉಲಿದ ವಾಕ್ಯವೂ ನಮಗೆ ಅರ್ಥವಾಗುತ್ತದಲ್ಲ, ಅಲ್ಲಿರುವುದು ಯಾರ ಇಚ್ಛೆ? ‘ನ್ಯಾಯಸಿದ್ಧಾಂತಮುಕ್ತಾವಲಿ’ ಬರೆದ 17ನೇ ಶತಮಾನದ ವಿಶ್ವನಾಥ ಪಂಚಾನನ ಕೊಟ್ಟ ಉತ್ತರ ಸ್ವಾರಸ್ಯವಾಗಿದೆ. ಆ ವಾಕ್ಯ ನಿಜವಾಗಿದ್ದರೆ ಅಲ್ಲಿರುವುದು ಈಶ್ವರನ ತಾತ್ಪರ್ಯ, ಸುಳ್ಳಾಗಿದ್ದರೆ ಕಲಿಸಿದವನ ತಾತ್ಪರ್ಯ. ‘ವೇದಾಂತಪರಿಭಾಷೆ’ಯ ಧರ್ಮರಾಜಾಧ್ವರೀಂದ್ರ ಬೇರೆ ದಾರಿ ಹಿಡಿದ. ಅರ್ಥ ತಿಳಿಯದವನು ವೇದ ಹೇಳಿದರೂ ಕೇಳುಗನಿಗೆ ಅರ್ಥ ಹೊಳೆಯುತ್ತದೆ. ಆದ್ದರಿಂದ ತಾತ್ಪರ್ಯ ಇರುವುದು ಹೇಳುವವನ ಇಚ್ಛೆಯಲ್ಲಲ್ಲ, ವಾಕ್ಯದ ಯೋಗ್ಯತೆಯಲ್ಲಿ. ಶಂಕರದಿಗ್ವಿಜಯದ ಕಥೆಯಲ್ಲಿ ಮಂಡನಮಿಶ್ರರ ಮನೆಬಾಗಿಲ ಗಿಳಿಗಳು ಜ್ಞಾನಕ್ಕೆ ಪ್ರಾಮಾಣ್ಯ ಸ್ವತಃ ಬರುವುದೋ ಪರತಃ, ಅಂದರೆ ಬೇರೊಂದರಿಂದ, ಬರುವುದೋ ಎಂದು ಚರ್ಚಿಸುತ್ತವೆ. ಅದು ಕೂಡ ಒಡೆಯನ ಪಾಂಡಿತ್ಯಕ್ಕೆ ಹೊಗಳಿಕೆ, ಗಿಳಿಗಲ್ಲ. ಅತ್ತ ಫ್ರಾನ್ಸಿನ ದೆಕಾರ್ತೆ 1637ರಲ್ಲಿ, ಗಿಳಿ ನಮ್ಮಂತೆ ಶಬ್ದ ಆಡಬಲ್ಲದೇ ಹೊರತು ತಾನು ಆಡುವುದನ್ನು ಯೋಚಿಸಿ ಆಡುತ್ತಿದ್ದೇನೆಂದು ತೋರಿಸಲಾರದು ಎಂದು ಬರೆದ. ಇವರ ತರ್ಕದಲ್ಲಿ ದೋಷವಿಲ್ಲ. ಆದರೆ ಎಲ್ಲರೂ ಪರೀಕ್ಷೆಗೆ ಎತ್ತಿಕೊಂಡದ್ದು ಮನುಷ್ಯ ಕಲಿಸಿದ ವಾಕ್ಯವನ್ನು. ಎರವಲು ಮಾತಿನಲ್ಲಿ ಎರವಲು ಕೊಟ್ಟವನ ಇಚ್ಛೆಯೇ ಸಿಕ್ಕಿದರೆ ಆಶ್ಚರ್ಯವೇನು?

ಗಿಳಿಯ ಸ್ವಂತ ಕೂಗು ಬೆಳೆಯುವುದು ಹಿಂಡಿನಲ್ಲಿ. ದಟ್ಟ ಎಲೆಗಳ ನಡುವೆ ಮೇಯುವ ಹಕ್ಕಿಗಳು ಒಂದಕ್ಕೊಂದು ಕಣ್ಣಿಗೆ ಬೀಳುವುದಿಲ್ಲ. ಕೂಗಿ, ಮರುಕೂಗು ಕೇಳಿ, ಗುಂಪು ಚದುರದಂತೆ ನೋಡಿಕೊಳ್ಳುತ್ತವೆ. ವೆನಿಜುವೆಲಾದ ಪುಟ್ಟ ಹಸಿರು ಗಿಳಿಗಳ ಮೇಲೆ ಕಾರ್ಲ್ ಬರ್ಗ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅಲ್ಲಿ ಒಂದೊಂದು ಹಕ್ಕಿಗೂ ತನ್ನದೇ ಗುರುತಿನ ಕೂಗು ಇರುತ್ತದೆ. ಒಂದು ಗೂಡಿನ ಮೊಟ್ಟೆಗಳನ್ನು ಇನ್ನೊಂದು ಗೂಡಿಗೆ ಬದಲಾಯಿಸಿ ಇಟ್ಟು ನೋಡಿದಾಗ, ಮರಿಗಳ ಕೂಗು ಹೆತ್ತವರನ್ನು ಹೋಲದೆ ಸಾಕಿದವರನ್ನು ಹೋಲಿತು. ಅಂದರೆ ಅದು ರಕ್ತದಲ್ಲಿ ಬಂದದ್ದಲ್ಲ, ಮನೆಯಲ್ಲಿ ಕಲಿತದ್ದು. ಅಂಗಡಿಗಳಲ್ಲಿ ಲವ್‌ಬರ್ಡ್ಸ್ ಎಂದು ಮಾರುವ ಬಡ್ಜಿಗಳನ್ನು ಒಟ್ಟಿಗೆ ಬಿಟ್ಟರೆ ಕೆಲವೇ ವಾರಗಳಲ್ಲಿ ಅವುಗಳ ಕೂಗು ಒಂದರಂತೆ ಒಂದು ಆಗತೊಡಗುತ್ತದೆ. ಇಂಥ ಜೀವಿಯನ್ನು ಒಂಟಿಯಾಗಿ ತಂದು ಅಡುಗೆಮನೆಯ ಪಕ್ಕ ತೂಗುಹಾಕಿದರೆ ಅದಕ್ಕೆ ಆ ಮನೆಯೇ ಹಿಂಡು, ಆ ಮನೆಯ ಸದ್ದುಗಳೇ ಹಿಂಡಿನ ಸದ್ದು. ಮಿಕ್ಸಿ ತಿರುಗಿದಾಗ ಮನೆಯವರೂ ದನಿ ಏರಿಸುತ್ತಾರೆ, ಗಿಳಿ ಆ ಮೇಳಕ್ಕೆ ಸೇರುತ್ತದೆ. ಕಾಲಿಂಗ್ ಬೆಲ್ ಎಂದರೆ ಯಾರೋ ಬಂದರು ಅಥವಾ ಹೊರಟರು. ಗುಂಪಿನ ಲೆಕ್ಕ ಕೇಳಲು ಅದಕ್ಕಿಂತ ತಕ್ಕ ಹೊತ್ತು ಬೇರೆ ಯಾವುದು? ಫೋನಿನಲ್ಲಿ ಆಡುವ ಮಾತಿಗೆ ಅದರ ಕಣ್ಣಿಗೆ ಕಾಣುವ ಕೇಳುಗ ಬೇರೆ ಯಾರೂ ಇಲ್ಲ, ಹಾಗಾಗಿ ತಾನೇ ಓಗೊಡುತ್ತದೆ.

ಹಾಗೆಂದು ಪ್ರತಿ ಕಿರುಚಾಟವೂ ಕರೆಯಲ್ಲ. ಸುಮ್ಮನೆ ಕಿವಿಗೊಡುವುದರ ಜೊತೆಗೆ ಮೈಯನ್ನೂ ನೋಡಬೇಕು. ಹೆದರಿದ ಗಿಳಿಯ ಪುಕ್ಕಗಳು ಮೈಗೆ ಅಂಟಿಕೊಳ್ಳುತ್ತವೆ, ಕತ್ತು ಉದ್ದವಾಗುತ್ತದೆ, ಅದು ಸದ್ದಿನ ದಿಕ್ಕಿನಿಂದ ದೂರಕ್ಕೆ ವಾಲಿ ಸರಳುಗಳಿಗೆ ಒತ್ತಿಕೊಳ್ಳುತ್ತದೆ. ಹುಮ್ಮಸ್ಸಿನ ಗಿಳಿಯ ಕಣ್ಣಪಾಪೆ ಕ್ಷಣಕ್ಕೊಮ್ಮೆ ಕಿರಿದಾಗಿ ಅಗಲವಾಗುತ್ತದೆ, ತಲೆ ಮೇಲೆಕೆಳಗೆ ಆಡುತ್ತದೆ. ನೀರಿನ ಸದ್ದಿಗಾದರೆ ಮಳೆಯಲ್ಲಿ ಮೀಯುವಂತೆ ರೆಕ್ಕೆ ಸಡಿಲಿಸಿ ಬಾಲ ಬಿಚ್ಚುವುದೂ ಉಂಟು. ಕರೆಯುವ ಗಿಳಿ ಕೂಗಿ ನಿಲ್ಲಿಸುತ್ತದೆ, ತಲೆ ವಾರೆಮಾಡಿ ಕಾಯುತ್ತದೆ, ಉತ್ತರ ಬಾರದಿದ್ದರೆ ಇನ್ನೂ ಜೋರಾಗಿ ಕೂಗುತ್ತದೆ. ಆ ನಡುವಿನ ಮೌನವೇ ಇಲ್ಲಿ ಮುಖ್ಯ ಸಾಕ್ಷಿ. ಎದುರು ಯಾರೂ ಇಲ್ಲವೆಂದು ಬಗೆದವರು ಉತ್ತರಕ್ಕೆ ಕಾಯುವುದಿಲ್ಲ.

ಇಲ್ಲೊಂದು ಆಕ್ಷೇಪ ಬರುತ್ತದೆ. ಇದೆಲ್ಲ ಬರೀ ಯಾಂತ್ರಿಕ ಪ್ರತಿಕ್ರಿಯೆ, ಕೂಗಿದಾಗ ಯಾರೋ ಓಡಿಬಂದರು, ಅದೇ ರೂಢಿಯಾಯಿತು, ಇದರಲ್ಲಿ ತಾತ್ಪರ್ಯ ಎಲ್ಲಿಂದ ಬಂತು ಎಂದು. ಆಕ್ಷೇಪದ ಅರ್ಧ ಭಾಗ ನಿಜ. ಸುತ್ತಲ ಸದ್ದು ಹೆಚ್ಚಿದಾಗ ದನಿ ತಾನಾಗಿ ಏರುವುದನ್ನು ಫ್ರೆಂಚ್ ವೈದ್ಯ ಲೊಂಬಾರ್ 1911ರಲ್ಲಿ ಮನುಷ್ಯರಲ್ಲಿ ಗುರುತಿಸಿದ. ಬಡ್ಜಿಗಳಲ್ಲೂ ಅದು ಕಂಡುಬಂದಿದೆ. ಆದರೆ ಸಂತೆಯಲ್ಲಿ ನಮ್ಮ ದನಿ ನಮಗರಿವಿಲ್ಲದೆ ಏರಿದ ಮಾತ್ರಕ್ಕೆ ನಾವು ಆಡಿದ ಮಾತು ಅರ್ಥಹೀನವಾಗುವುದಿಲ್ಲ. ದನಿಯ ಎತ್ತರ ಯಾಂತ್ರಿಕವಾಗಿರಬಹುದು, ಕರೆಯುವುದು ಬೇರೆ. ಇನ್ನು ರೂಢಿಯ ಮಾತು. ಕೂಸು ಅತ್ತಾಗ ತಾಯಿ ಬರುತ್ತಾಳೆಂದು ಕೂಸು ಕಲಿಯುವುದೂ ಹೀಗೆಯೇ. ಹಾಗೆ ಕಲಿತದ್ದರಿಂದ ಆ ಅಳು ಕರೆಯಾಗುತ್ತದೆಯೇ ಹೊರತು ಕರೆಯಲ್ಲದ್ದಾಗುವುದಿಲ್ಲ. ಐರೀನ್ ಪೆಪ್ಪರ್‌ಬರ್ಗ್ 1977ರಿಂದ 2007ರವರೆಗೆ ಅಧ್ಯಯನ ಮಾಡಿದ ಅಲೆಕ್ಸ್ ಎಂಬ ಆಫ್ರಿಕನ್ ಗ್ರೇ ಗಿಳಿ ಮಾತು ಕಲಿತದ್ದು ಇಬ್ಬರು ಮನುಷ್ಯರು ಪ್ರಶ್ನೋತ್ತರ ನಡೆಸುವುದನ್ನು ನೋಡಿ. ವಸ್ತುವಿನ ಹೆಸರು ಹೇಳಿದರೆ ಆ ವಸ್ತುವೇ ಬಹುಮಾನ. ಅದು ಸುಮಾರು 50 ವಸ್ತುಗಳನ್ನು ಹೆಸರಿಸಿತು, ಬಣ್ಣ ಆಕಾರಗಳನ್ನು ಹೇಳಿತು, ಪರೀಕ್ಷೆ ಸಾಕೆನಿಸಿದಾಗ ವಾಪಸು ಹೋಗಬೇಕೆಂದು ಕೇಳಿತು. ಕೊಟ್ಟು ತೆಗೆದುಕೊಳ್ಳುವ ಸಂಬಂಧ ಸಿಕ್ಕಿದಾಗ ಎರವಲು ಪದವೂ ಅದರ ಸ್ವಂತದ್ದಾಯಿತು.

ಇನ್ನೊಂದು ಆಕ್ಷೇಪ, ಹಕ್ಕಿಗೆ ಮನುಷ್ಯನ ಮನಸ್ಸನ್ನು ಆರೋಪಿಸುತ್ತಿದ್ದೀರಿ ಎಂಬುದು. ಗಿಳಿ ತನ್ನೊಳಗೆ ವಾಕ್ಯ ಕಟ್ಟುತ್ತದೆ, ಒಂಟಿತನದ ಬಗ್ಗೆ ಚಿಂತಿಸುತ್ತದೆ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ನೈಯಾಯಿಕರು ಕೇಳಿದ್ದು ಇಚ್ಛೆಯನ್ನು, ವ್ಯಾಕರಣವನ್ನಲ್ಲ. ಯಾರನ್ನೋ ಉದ್ದೇಶಿಸಿ, ಏನೋ ಆಗಲೆಂದು ಹೊರಡುವ ದನಿಯಲ್ಲಿ ಇಚ್ಛೆ ಇದೆ. ವಿಶ್ವನಾಥನ ಅಳತೆಗೋಲನ್ನೇ ಹಿಡಿದರೆ, ‘ರಾಮ ರಾಮ’ದ ತಾತ್ಪರ್ಯವನ್ನು ಈಶ್ವರನಲ್ಲೋ ಕಲಿಸಿದವನಲ್ಲೋ ಹುಡುಕಬೇಕು, ಬೆಲ್ ಕೇಳಿ ಹೊರಡುವ ಕೂಗಿಗೆ ಅಷ್ಟು ದೂರ ಹೋಗಬೇಕಾಗಿಲ್ಲ, ಅದರ ವಕ್ತೃ ಪಂಜರದಲ್ಲೇ ಇದೆ.

ಇದನ್ನು ಒಪ್ಪಿದವರಿಗೆ ಧರ್ಮದ ಪ್ರಶ್ನೆಯೊಂದು ತಪ್ಪಿದ್ದಲ್ಲ. ಜೈನರ ‘ತತ್ತ್ವಾರ್ಥಸೂತ್ರ’ ಗೃಹಸ್ಥರ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು, ಅಂದರೆ ವ್ರತಕ್ಕೆ ತಗಲುವ ದೋಷಗಳನ್ನು, ಹೇಳುವಾಗ ಹೊಡೆತ, ಅಂಗಚ್ಛೇದ, ಅತಿಭಾರ, ಅನ್ನಪಾನ ತಡೆಯುವುದು ಇವೆಲ್ಲಕ್ಕಿಂತ ಮೊದಲು ಹೆಸರಿಸುವುದು ಬಂಧವನ್ನು. ಕಾಳು, ಹಣ್ಣು, ಮೆಣಸಿನಕಾಯಿಗೆ ಕೊರತೆ ಮಾಡದವರೂ ಈ ಮೊದಲನೆಯದರಲ್ಲಿ ಸಿಕ್ಕಿಬೀಳುತ್ತಾರೆ. ನಮ್ಮ ಕಾಡಿನ, ಊರಿನ ಗಿಳಿಗಳನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ವಿದೇಶಿ ಗಿಳಿಗಳಿಗೆ ನೋಂದಣಿಯ ದಾರಿ ಇದೆ. ಆದರೆ ನೋಂದಣಿ ಪತ್ರ ಹಿಂಡಾಗುವುದಿಲ್ಲ. ಆದ್ದರಿಂದ ಹೊಸದಾಗಿ ಗಿಳಿ ತರುವ ಯೋಚನೆ ಇದ್ದವರು ಅದನ್ನು ಬಿಡುವುದು ಒಳ್ಳೆಯದು. ಮನೆಯಲ್ಲಿ ಹುಟ್ಟಿಬೆಳೆದ ವಿದೇಶಿ ಹಕ್ಕಿ ಈಗಾಗಲೇ ಇದ್ದರೆ, ಅದನ್ನು ಹೊರಗೆ ಹಾರಿಬಿಟ್ಟರೆ ಬದುಕುವುದು ಕಷ್ಟ. ಇಟ್ಟುಕೊಂಡೇ ಅದರ ಋಣ ತೀರಿಸಬೇಕು. ಹೆದರಿಸುವ ಸದ್ದಿನಿಂದ ಪಂಜರವನ್ನು ದೂರವಿಡಿ, ಹಗಲಲ್ಲಿ ಬಟ್ಟೆ ಹೊದಿಸಬೇಡಿ, ಕೂಗಿಗೆ ಕೂಗಿ ಗದರಬೇಡಿ. ಕರೆದಾಗ ಇದ್ದಲ್ಲಿಂದಲೇ ಮೆಲ್ಲಗೆ ಓ ಎನ್ನಿ. ಅದು ಕೇಳುತ್ತಿರುವುದು ಅಷ್ಟನ್ನೇ.