ಅಗಲಿದ ನ್ಯಾಯಮೂರ್ತಿಯ ಗೌರವ: ಪದವಿಯೋ, ನಡತೆಯೋ?

ಅಗಲಿದವರಲ್ಲಿ ಗೌರವಿಸಬೇಕಾದದ್ದು ಅವರ ಪದವಿಯನ್ನೋ ನಡತೆಯನ್ನೋ ಎಂಬುದು ಹಳೆಯ ಧರ್ಮಜಿಜ್ಞಾಸೆ. ಹಂಪಿ ಸೀಮೆಯ ವೀರಗಲ್ಲುಗಳು ಇದಕ್ಕೆ ಸ್ಪಷ್ಟ ಉತ್ತರ ಕೊಡುತ್ತವೆ. ಸಾಮಾನ್ಯವಾಗಿ ಕೆಳಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರೊಡನೆ ಸ್ವರ್ಗಾರೋಹಣ, ಮೇಲೆ ಲಿಂಗಪೂಜೆ ಇರುತ್ತದೆ. ಮಾಡಿದ ಕಾರ್ಯವೇ ಸದ್ಗತಿಯ ಮೊದಲ ಮೆಟ್ಟಿಲು. ನ್ಯಾಯದಾನವೂ ಅಂಥ ಕಾರ್ಯವೇ: ವಿಜಯನಗರದ ಬುಕ್ಕರಾಯನ ಮಂತ್ರಿ ಮಾಧವಾಚಾರ್ಯರು ಪರಾಶರಸ್ಮೃತಿಗೆ ಬರೆದ ವ್ಯಾಖ್ಯಾನದಲ್ಲಿ, ಮೂಲದಲ್ಲಿಲ್ಲದ ವ್ಯವಹಾರಕಾಂಡವನ್ನು ಸೇರಿಸಿ, ಅದನ್ನು ರಾಜಧರ್ಮದ ಅಂಗವೆಂದು ನಿರೂಪಿಸಿದರು.

ಆಧುನಿಕ ಕರ್ನಾಟಕದಲ್ಲಿ ಪದವಿಯೋ ನಡತೆಯೋ ಎಂಬ ಪ್ರಶ್ನೆಗೆ ಕೌಡೂರು ಸದಾನಂದ ಹೆಗ್ಡೆ (1909–1990) ಅವರ ಬದುಕು ಉಜ್ವಲ ನಿದರ್ಶನ. ಕಾರ್ಕಳ ತಾಲ್ಲೂಕಿನ ಅವರು 1952ರಲ್ಲಿ ರಾಜ್ಯಸಭೆ ಸೇರಿದರು. 1957ರಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. 1967ರಲ್ಲಿ ಸುಪ್ರೀಂ ಕೋರ್ಟಿಗೆ ಏರಿದರು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಮೊಕದ್ದಮೆಯಲ್ಲಿ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸಲಾಗದು ಎಂದ ಏಳು ಮಂದಿಯ ಬಹುಮತದಲ್ಲಿ ಹೆಗ್ಡೆ ಇದ್ದರು. 1973ರ ಏಪ್ರಿಲ್ 24ರಂದು ತೀರ್ಪು ಬಂತು. ಅದರ ಬೆನ್ನಿಗೇ ಸರ್ಕಾರ ಹೆಗ್ಡೆ ಸೇರಿದಂತೆ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ಬದಿಗಿಟ್ಟು ಅವರಿಗಿಂತ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿಯಾಗಿಸಿತು. ಮೂವರೂ ರಾಜೀನಾಮೆ ನೀಡಿದರು.

1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದ ಹೆಗ್ಡೆ ಲೋಕಸಭೆಯ ಅಧ್ಯಕ್ಷರಾದರು. ಶಾಸನ ಮಾಡುವ ಸಭೆ, ಅದನ್ನು ಒರೆಹಚ್ಚುವ ಪೀಠ ಎರಡರಲ್ಲೂ ಕುಳಿತವರು ಅವರು. ಫಲದ ಆಸೆಯಿಲ್ಲದೆ ಕರ್ತವ್ಯ ಮಾಡಬೇಕೆನ್ನುವ ಗೀತೆಯ ತತ್ತ್ವ, ಕರ್ತವ್ಯಕ್ಕಾಗಿ ಫಲವನ್ನೇ ಕಳೆದುಕೊಂಡಾಗ ನಿಜವಾಗಿ ಪರೀಕ್ಷೆಗೊಳಗಾಗುತ್ತದೆ. ಹೆಗ್ಡೆಯವರಿಗೆ ಸಲ್ಲುವ ಗೌರವದ ಆಧಾರ ಆ ಪರೀಕ್ಷೆಯಲ್ಲಿ ಅವರು ನಿಂತ ರೀತಿ. ಸ್ಮಾರಕ, ಬಿರುದುಗಳು ಅದರ ನಂತರದವು.