ಹಳ್ಳ ಯಾರದು?

ಕಳೆದ ಚಳಿಗಾಲದಲ್ಲಿ ಚಳ್ಳಕೆರೆ ಕಡೆಯ ನಮ್ಮ ಮಾವ ನೇಯ್ದ ಮೂರು ಕಂಬಳಿಗಳ ಫೋಟೊ ತೆಗೆದು ಆನ್‌ಲೈನ್ ಅಂಗಡಿಯೊಂದಕ್ಕೆ ಹಾಕಿದವನು ನಾನೇ. ಮೂರೂ ಮಾರಾಟವಾದವು. ಹದಿನೈದು ದಿನಕ್ಕೆ ಒಂದು ವಾಪಸ್ ಬಂತು. ಕಾರಣ: ‘ಚುಚ್ಚುತ್ತದೆ’. ಹೋಗಿಬಂದ ಸಾಗಣೆ ಖರ್ಚು ಮಾವನ ಲೆಕ್ಕಕ್ಕೇ ಬಿತ್ತು. “ಚುಚ್ಚದಿದ್ರೆ ಅದು ಕಂಬಳಿ ಹೆಂಗಾಯ್ತಪ್ಪಾ?” ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ.

ಗುಣಿಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಗಂಜಿ ಕೊಟ್ಟ ಕರಿ ಉಣ್ಣೆಯ ಕಂಬಳಿ ಇಂದು ಎಲ್ಲರಿಗೂ ಬೇಕಾದ ವಸ್ತುವಲ್ಲ. ಚಿತ್ರದುರ್ಗದ ಪೇಟೆಯ ಅಂಗಡಿಯವರು ಅದನ್ನಿಡಲು ಹಿಂಜರಿದರೆ ತಪ್ಪಿಲ್ಲ. ಅವರ ಒಂದೊಂದು ಅಡಿ ಜಾಗಕ್ಕೂ ಬಾಡಿಗೆಯಿದೆ. ಆನ್‌ಲೈನ್ ಅಂಗಡಿಗೆ ಆ ತೊಡಕಿಲ್ಲ. ಪಟ್ಟಿಗೆ ಇನ್ನೊಂದು ಚಿತ್ರ ಸೇರಿಸಲು ಹೆಚ್ಚು ಖರ್ಚಿಲ್ಲ. ಊರಿಗೊಬ್ಬರಂತೆ ಚದುರಿರುವ ಗಿರಾಕಿಗಳೆಲ್ಲ ಸೇರಿದರೆ ಒಂದು ಸಂತೆಯೇ ಆಗುತ್ತದೆ. 2004ರಲ್ಲಿ ‘ವೈರ್ಡ್’ ಪತ್ರಿಕೆಯಲ್ಲಿ ಕ್ರಿಸ್ ಆಂಡರ್ಸನ್ ಇದನ್ನು ‘ಉದ್ದ ಬಾಲ’ ಎಂದು ಕರೆದರು: ಅಪರೂಪಕ್ಕೆ ಮಾರುವ ಸಾವಿರಾರು ವಸ್ತುಗಳ ಒಟ್ಟು ವ್ಯಾಪಾರ, ಜನಪ್ರಿಯವಾದ ಕೆಲವೇ ವಸ್ತುಗಳ ವ್ಯಾಪಾರಕ್ಕೆ ಸರಿಗಟ್ಟಬಲ್ಲದು. ಸಂಶೋಧನೆಗೆಂದು ಅದನ್ನು ಓದಿಯೇ ನಾನು ಮಾವನನ್ನು ಒಪ್ಪಿಸಿದ್ದು.

ನಮ್ಮ ಗಾದೆಯೂ ‘ಹನಿ ಹನಿ ಕೂಡಿದರೆ ಹಳ್ಳ’ ಎನ್ನುತ್ತದೆ. ಆದರೆ ಹಳ್ಳ ಯಾರದು? ಸಾವಿರ ವಸ್ತುಗಳಿಂದಲೂ ಚೂರು ಚೂರು ಕಮಿಷನ್ ಪಡೆಯುವ ಅಂಗಡಿಗೆ ಹಳ್ಳ. ಒಂದೇ ವಸ್ತು ಮಾಡುವ ಮಾವನಿಗೆ ಒಂದೇ ಹನಿ. ಕಂಬಳಿಯೊಂದು ವಾಪಸಾದರೆ ಹಳ್ಳಕ್ಕೆ ಗೊತ್ತೂ ಆಗುವುದಿಲ್ಲ. ಮಾವನಿಗೆ ಅದು ಎಷ್ಟೋ ದಿನಗಳ ದುಡಿಮೆ.

ಹಾಗೆಂದು ಈ ವ್ಯಾಪಾರವೇ ಕೆಟ್ಟದ್ದು ಎನ್ನಲಾರೆ. ಉಳಿದೆರಡು ಕಂಬಳಿ ಯಾರನ್ನೋ ಬೆಚ್ಚಗಿಟ್ಟಿವೆ. ದೂರದ ವ್ಯಾಪಾರ ನಮ್ಮ ನೆಲಕ್ಕೆ ಹೊಸದೂ ಅಲ್ಲ. ಚಂದ್ರವಳ್ಳಿಯಲ್ಲಿ ರೋಮನ್ ದೊರೆಗಳಾದ ಆಗಸ್ಟಸ್, ಟೈಬೀರಿಯಸರ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಸಂತೆಯ ದಲ್ಲಾಳಿಯೂ ಪುಕ್ಕಟೆ ಕೂತವನಲ್ಲ. ಆದರೆ ಸಂತೆಯಲ್ಲಿ ಕೊಳ್ಳುವವನು ಕಂಬಳಿಯನ್ನು ಸವರಿ ನೋಡಿ, ಚುಚ್ಚುತ್ತದೆಂದು ತಿಳಿದೇ ಒಯ್ಯುತ್ತಾನೆ. ಆನ್‌ಲೈನಿನಲ್ಲಿ ಆ ತಿಳಿವಳಿಕೆ ಯಾರ ಹೊಣೆಯೂ ಅಲ್ಲ. ದಂಡ ಮಾತ್ರ ನೇಯ್ದವನದು.

ಇದರಲ್ಲಿ ನನ್ನ ಪಾಲೂ ಇದೆ. ವಿವರದಲ್ಲಿ ‘ಬೆಚ್ಚಗಿರುತ್ತದೆ’ ಎಂದು ಬರೆದೆ, ‘ಚುಚ್ಚುತ್ತದೆ’ ಎಂದು ಬರೆಯಲಿಲ್ಲ. ಮಾರಾಟವಾಗಲಿ ಎಂಬ ಆಸೆಯಿತ್ತು. ನನ್ನ ಮರೆಮಾಚುವಿಕೆಗೆ ಮಾವ ದಂಡ ತೆತ್ತರು.

ಅಪರೂಪದ್ದನ್ನು ಮಾರುವವರು ಅದರ ಒರಟುತನವನ್ನೂ ಹೇಳಬೇಕು. ಕೊಳ್ಳುವವರು ಅದಕ್ಕೂ ಒಪ್ಪಿ ಕೊಳ್ಳಬೇಕು. ಹೀಗೆ ಹೇಳಿಯೂ ಕೇಳಿಯೂ ವಾಪಸಾದರೆ, ಆ ನಷ್ಟದಲ್ಲಿ ಹಳ್ಳಕ್ಕೂ ಪಾಲಿರಬೇಕು. ಅದು ದಾನವಲ್ಲ, ನ್ಯಾಯ.

ವಾಪಸ್ ಬಂದ ಕಂಬಳಿಯನ್ನು ಮತ್ತೆ ಪಟ್ಟಿಗೆ ಹಾಕಿದ್ದೇನೆ. ಈ ಸಲ ಮೊದಲ ಸಾಲಿನಲ್ಲೇ ‘ಚುಚ್ಚುತ್ತದೆ’ ಎಂದು ಬರೆದಿದ್ದೇನೆ. ಇನ್ನೂ ಯಾರೂ ಕೇಳಿಲ್ಲ.